ಬೇಸ್ ಗಿಟಾರ್‌ನಲ್ಲಿ ಹಮ್ಮಿಂಗ್, ಚರಚರ, ಗಿಲಗಿಲ: ಸದ್ದಿನ ಮೂಲ ಹುಡುಕುವ ಕ್ರಮ

ಬೇಸ್ ಗಿಟಾರ್‌ನಿಂದ ಬರಬಾರದ ಸದ್ದು ಬರತೊಡಗಿದಾಗ ಹೆಚ್ಚಿನವರು ಮೊದಲು ಆಂಪ್‌ನ ಗುಂಡಿಗಳನ್ನು ತಿರುಗಿಸುತ್ತಾರೆ, ಅದರಿಂದ ಪ್ರಯೋಜನವಾಗದಿದ್ದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಹೊಸ ಪಿಕಪ್‌ಗೋ ದುಬಾರಿ ಕೇಬಲ್‌ಗೋ ಆರ್ಡರ್ ಹಾಕುತ್ತಾರೆ. ತಂತಿಯಿಂದ ಸ್ಪೀಕರ್‌ವರೆಗಿನ ದಾರಿಯಲ್ಲಿ ಆ ಸದ್ದು ಎಲ್ಲಿ ಸೇರಿಕೊಂಡಿತೆಂದು ತಿಳಿಯದೆ ಮಾಡುವ ಈ ಖರ್ಚು ಬಹುಪಾಲು ವ್ಯರ್ಥವಾಗುತ್ತದೆ. ಆ ಜಾಗವನ್ನು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ಹೇಳಿದೆ. ಬೇಕಾಗುವ ಸಾಮಗ್ರಿ ಕಡಿಮೆ: ಒಂದು ಡಿಜಿಟಲ್ ಮಲ್ಟಿಮೀಟರ್, ಸರಿಯಾಗಿದೆಯೆಂದು ಖಚಿತವಾಗಿ ಗೊತ್ತಿರುವ ಇನ್ನೊಂದು ಕೇಬಲ್, ಹೊಸ 9 ವೋಲ್ಟ್ ಬ್ಯಾಟರಿ ಮತ್ತು ಒಂದು ಸ್ಕ್ರೂಡ್ರೈವರ್. ದೋಷದ ಸ್ಥಾನ ಖಚಿತವಾಗುವವರೆಗೂ ಆ ಸ್ಕ್ರೂಡ್ರೈವರ್ ಚೀಲದಲ್ಲೇ ಇರಲಿ.

ಸದ್ದನ್ನು ಮೊದಲು ಕೇಳಿಸಿಕೊಳ್ಳುವುದು

ನಮ್ಮ ಮನೆಗಳಿಗೂ ವೇದಿಕೆಗಳಿಗೂ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್‌ನದು. ಬೇಸ್ ವಾದಕರಿಗೆ ಇದರಿಂದ ಒಂದು ಅನುಕೂಲವಿದೆ. ಇ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿಗುವ ಜಿ ಸ್ವರದ ಕಂಪನ 49 ಹರ್ಟ್ಸ್, ಜಿ ತಂತಿಯನ್ನು ಒತ್ತದೆ ಮೀಟಿದಾಗ ಬರುವುದು 98 ಹರ್ಟ್ಸ್. ಆದ್ದರಿಂದ ಕರೆಂಟಿನಿಂದ ಹುಟ್ಟಿದ, 50 ಅಥವಾ ಅದರ ಇಮ್ಮಡಿ 100 ಹರ್ಟ್ಸ್‌ನ ಹಮ್ಮಿಂಗ್ ಯಾವಾಗಲೂ ಜಿ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಆಂಪ್ ಗುಂಯ್ ಎನ್ನುತ್ತಿರುವಾಗಲೇ ಜಿ ತಂತಿಯನ್ನು ಮೆಲ್ಲಗೆ ಮೀಟಿ ನೋಡಿ. ಎರಡೂ ನಾದಗಳು ಬೆರೆತು ಸೆಕೆಂಡಿಗೆ ಸುಮಾರು ಎರಡು ಬಾರಿ ಏರಿಳಿಯುವ ಅಲೆ ಕೇಳಿಸಿದರೆ ಸದ್ದಿನ ಮೂಲ ವಿದ್ಯುತ್ ಪೂರೈಕೆಯೇ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಅಮೆರಿಕದ ಕೈಪಿಡಿಗಳನ್ನು ಓದಿದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿಯ ಕರೆಂಟು 60 ಹರ್ಟ್ಸ್‌ನದಾದ್ದರಿಂದ ಅವರ ಹಮ್ಮಿಂಗ್ ಎ ಶಾರ್ಪ್ ಮತ್ತು ಬಿ ಸ್ವರಗಳ ನಡುವೆ ಎಲ್ಲೋ ಕೂರುತ್ತದೆ. ಜನರೇಟರ್ ಮೇಲೆ ನಡೆಯುವ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ಹಮ್ಮಿಂಗ್‌ನ ಶ್ರುತಿ ತುಸು ಇಳಿದು ಮತ್ತೆ ಚೇತರಿಸಿಕೊಳ್ಳುವುದನ್ನೂ ಗಮನವಿಟ್ಟು ಕೇಳಿದವರು ಗುರುತಿಸಬಲ್ಲರು.

ಸದ್ದು ಶುದ್ಧವಾಗಿ, ಮಂದ್ರದಲ್ಲಿ ಗುಂಯ್‌ಗುಟ್ಟುತ್ತಿದ್ದರೆ ಹತ್ತಿರದ ಟ್ರಾನ್ಸ್‌ಫಾರ್ಮರ್ ಅಥವಾ ಗ್ರೌಂಡ್ ಲೂಪ್ (ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸ ಕೇಬಲ್ ಮೂಲಕ ಹರಿಯುವುದು) ಕಾರಣವಾಗಿರಬಹುದು. ಅದೇ ಶ್ರುತಿಯಲ್ಲಿದ್ದೂ ಜೀರುಂಡೆಯಂತೆ ಕರ್ಕಶವಾಗಿದ್ದರೆ ವಾದ್ಯದೊಳಗಿನ ಶೀಲ್ಡಿಂಗ್ (ಹೊರಗಿನ ಗದ್ದಲ ತಡೆಯುವ ವಾಹಕ ಹೊದಿಕೆ) ಕೊರತೆಯನ್ನೋ ದೀಪಗಳ ಡಿಮ್ಮರನ್ನೋ ಸಂಶಯಿಸಬೇಕು. ಕೀರಲು ಸಿಳ್ಳೆ ಬಂದರೆ ಅದು ಲ್ಯಾಪ್‌ಟಾಪ್ ಚಾರ್ಜರ್ ಅಥವಾ ಡಿಜಿಟಲ್ ಪೆಡಲ್‌ನ ಕೆಲಸ. ಕೇಬಲ್ ಅಲುಗಿದಾಗ, ಗುಂಡಿ ತಿರುಗಿಸಿದಾಗ ಮಾತ್ರ ಬರುವ ಚರಚರ ಸದ್ದು ಲೋಹಕ್ಕೆ ಲೋಹ ಸರಿಯಾಗಿ ತಾಗದೆ ಬರುವಂಥದು. ತಂತಿ ಮೀಟಿದಾಗ ಮಾತ್ರ ಕೇಳಿಸುವ ಗಿಲಗಿಲಕ್ಕೆ ಕರೆಂಟಿಗೂ ಸಂಬಂಧವಿಲ್ಲ, ಪಿಕಪ್‌ಗೂ ಸಂಬಂಧವಿಲ್ಲ.

ಮೈ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸುವುದು

ತಂತಿಯ ಮೇಲೆ ಕೈಯಿಟ್ಟು ಹಾಡಲು ಮೈಕ್‌ಗೆ ಬಾಯಿ ತಾಗಿಸಿದಾಗ ತುಟಿ ಜುಮ್ಮೆಂದರೆ ಅದನ್ನು ಸದ್ದಿನ ಸಮಸ್ಯೆಯೆಂದು ಪರಿಗಣಿಸಬಾರದು. ತಂತಿಗಳ ಕೆಳತುದಿ ಕೂರುವ ಲೋಹದ ಬ್ರಿಜ್‌ನ ಮೂಲಕ ತಂತಿಗಳು ಆಂಪ್‌ನ ಚಾಸಿಗೆ, ಎಂದರೆ ಲೋಹದ ಚೌಕಟ್ಟಿಗೆ, ಜೋಡಣೆಯಾಗಿರುತ್ತವೆ, ಮೈಕ್‌ನ ಜಾಲರಿ ಮಿಕ್ಸರ್‌ನ ಚಾಸಿಗೆ ಜೋಡಣೆಯಾಗಿರುತ್ತದೆ. ಇವೆರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ನಡುವೆ ಸಿಲುಕುವುದು ವಾದಕನ ದೇಹ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಸರಿಯಾದ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡರು.

ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಒಂದು ಮೊನೆಯನ್ನು ತಂತಿಗೆ, ಇನ್ನೊಂದನ್ನು ಮೈಕ್‌ನ ಜಾಲರಿಗೆ ತಾಗಿಸಿ, ಎರಡನ್ನೂ ಹಿಡಿಯ ಪ್ಲಾಸ್ಟಿಕ್ ಭಾಗದಲ್ಲೇ ಹಿಡಿಯಬೇಕು. ಒಂದೆರಡು ವೋಲ್ಟ್ ಒಳಗೆ ತೋರಿಸಿದರೆ ಚಿಂತೆಯಿಲ್ಲ. 100ರಿಂದ 115 ವೋಲ್ಟ್ ಆಸುಪಾಸು ತೋರಿಸಿದರೆ ಈಗಿನ ಹಗುರ ಕ್ಲಾಸ್ ಡಿ ಆಂಪ್‌ಗಳಲ್ಲಿ ಅದಕ್ಕೊಂದು ನಿಶ್ಚಿತ ಅರ್ಥವಿದೆ: ಅವುಗಳ ಪವರ್ ಸಪ್ಲೈನಲ್ಲಿರುವ ಫಿಲ್ಟರ್ ಕೆಪ್ಯಾಸಿಟರ್‌ಗಳು, ಅರ್ಥ್ ಪಿನ್ ಎಲ್ಲಿಗೂ ತಲುಪದೆ ಹೋದಾಗ, ಚಾಸಿಯನ್ನು ಪೂರೈಕೆಯ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲಿಸುತ್ತವೆ. ಹರಿಯುವ ಕರೆಂಟು ಬಹಳ ಕಡಿಮೆಯಿದ್ದು ಜುಮ್ಮೆನ್ನಿಸಿ ಬಿಡುತ್ತದೆ, ಆದರೆ ಅರ್ಥ್ ಇಲ್ಲವೆಂಬುದು ಇದರಿಂದ ಸಾಬೀತಾಗುತ್ತದೆ. 200 ದಾಟಿದರೆ ಫೇಸ್ ತಂತಿ ಎಲ್ಲೋ ನೇರವಾಗಿ ಚಾಸಿಗೆ ತಾಗಿರುವ ಸಾಧ್ಯತೆಯಿದ್ದು, ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಸಾಕೆಟ್‌ನಲ್ಲಿ ಅಳೆಯುವ ಕೆಲಸವೂ ಎಲೆಕ್ಟ್ರಿಷಿಯನ್‌ಗೇ ಸೇರಿದ್ದಾದರೂ ಫಲಿತಾಂಶವನ್ನು ವಾದಕ ಕೇಳಿ ತಿಳಿದುಕೊಂಡಿರಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಕೊನೆಯ ಅಂಕಿ ಹತ್ತಾರು ವೋಲ್ಟ್‌ಗೆ ಏರಿದ್ದರೆ ಜನರೇಟರ್‌ನ ನ್ಯೂಟ್ರಲ್ ಅಥವಾ ನೆಲಕ್ಕೆ ಹೊಡೆದ ಅರ್ಥ್ ರಾಡ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಬೇಕು. ಹಮ್ಮಿಂಗ್ ಹೋಗಲೆಂದು ಮೂರು ಪಿನ್ ಪ್ಲಗ್‌ನ ದಪ್ಪ ಅರ್ಥ್ ಪಿನ್ ಕಿತ್ತುಹಾಕುವ ಅಥವಾ ಅದರ ತಂತಿ ಬಿಚ್ಚಿಡುವ ಪದ್ಧತಿ ನಮ್ಮ ಸೌಂಡ್ ಸಿಸ್ಟಮ್ ವಲಯದಲ್ಲಿ ಇನ್ನೂ ಇದೆ. ಹಾಗೆ ಮಾಡಿದ ಬೋರ್ಡ್ ಕಂಡರೆ ಅದರಲ್ಲಿ ಪ್ಲಗ್ ಚುಚ್ಚಲು ನಿರಾಕರಿಸುವುದು ಹಟಮಾರಿತನವಾಗುವುದಿಲ್ಲ.

ದಾರಿಯನ್ನು ಎರಡು ಭಾಗ ಮಾಡುವುದು

ಅಪಾಯವಿಲ್ಲವೆಂದು ಖಚಿತವಾದ ಮೇಲೆ ವಾದ್ಯವನ್ನು ನೇರವಾಗಿ ಒಂದೇ ಕೇಬಲ್‌ನಿಂದ ಆಂಪ್‌ಗೆ ಜೋಡಿಸಿ, ಪೆಡಲ್‌ಗಳನ್ನೂ ವೈರ್‌ಲೆಸ್ಸನ್ನೂ ಡಿಐ ಬಾಕ್ಸನ್ನೂ (ವಾದ್ಯದ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಪೆಟ್ಟಿಗೆ) ದಾರಿಯಿಂದ ತೆಗೆದುಹಾಕಬೇಕು. ಸದ್ದು ಅಲ್ಲಿಗೇ ನಿಂತರೆ ಒಂದೊಂದನ್ನೇ ಮರಳಿ ಸೇರಿಸುತ್ತ ಹೋದಾಗ ತಪ್ಪಿತಸ್ಥ ತಾನಾಗಿ ಸಿಗುತ್ತದೆ. ಹೆಚ್ಚಿನ ಸಲ ಅದು ಒಂದೇ ಅಡಾಪ್ಟರ್‌ನಿಂದ ಸರಪಳಿಯಂತೆ ಎಲ್ಲ ಪೆಡಲ್‌ಗಳಿಗೂ ಕರೆಂಟು ಕೊಡುವ ವೈರ್ ಆಗಿರುತ್ತದೆ; ಪ್ರತಿ ಪೆಡಲ್‌ಗೂ ಪ್ರತ್ಯೇಕವಾಗಿ ಬೇರ್ಪಟ್ಟ ಔಟ್‌ಪುಟ್ ಇರುವ ಪವರ್ ಸಪ್ಲೈ ಅದಕ್ಕೆ ಪರಿಹಾರ.

ನೇರ ಜೋಡಣೆಯಲ್ಲೂ ಸದ್ದು ಉಳಿದರೆ ಬೇಸ್‌ನ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿ. ಆಗ ಸದ್ದು ಹೋದರೆ ದೋಷ ವಾದ್ಯದಲ್ಲಿದೆ, ಅಥವಾ ವಾದ್ಯ ಸುತ್ತಲಿನಿಂದ ಏನನ್ನೋ ಹಿಡಿಯುತ್ತಿದೆ. ಹೋಗದಿದ್ದರೆ ದೋಷ ಜ್ಯಾಕ್‌ನಿಂದ ಮುಂದಕ್ಕೆ, ಎಂದರೆ ಕೇಬಲ್‌ನಲ್ಲಿ, ಆಂಪ್‌ನಲ್ಲಿ ಅಥವಾ ವಿದ್ಯುತ್ ಪೂರೈಕೆಯಲ್ಲಿದೆ. ಆಕ್ಟಿವ್ ಬೇಸ್‌ಗಳಲ್ಲಿ, ಎಂದರೆ ಬ್ಯಾಟರಿ ಹಾಕುವಂಥವುಗಳಲ್ಲಿ, ಕೆಲವಕ್ಕೆ ವಾಲ್ಯೂಮ್ ಗುಂಡಿಯ ನಂತರ ಪ್ರಿಆಂಪ್ (ಸಂಕೇತವನ್ನು ವಾದ್ಯದೊಳಗೇ ಹಿಗ್ಗಿಸುವ ಸರ್ಕ್ಯೂಟ್) ಇರುವುದರಿಂದ ಸೊನ್ನೆಯಲ್ಲೂ ಅದರ ಹಿಸ್ ಸದ್ದು ಕೇಳಿಸಬಹುದೆಂಬುದನ್ನು ಇಲ್ಲಿ ನೆನಪಿಡಬೇಕು. ಮುಂದಿನ ಹೆಜ್ಜೆ ಕೇಬಲ್ ಬದಲಾವಣೆ. ನಂತರ ಆಂಪ್‌ನಿಂದ ಕೇಬಲನ್ನೇ ಕಿತ್ತರೆ ಹಮ್ಮಿಂಗ್ ಇನ್ನೂ ಉಳಿಯುತ್ತದೆಯೇ ಎಂಬುದನ್ನು ಗಮನಿಸಿ. ಉಳಿದರೆ ಆಂಪ್ ದುರಸ್ತಿಗೆ ಹೋಗಬೇಕು. ಪ್ಲಗ್ ಕಿತ್ತಿದ್ದರೂ ಆಂಪ್‌ನೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಲ್ಲುದಾದ್ದರಿಂದ ಅದನ್ನು ಮನೆಯಲ್ಲಿ ಬಿಚ್ಚಬಾರದು.

ವಾದ್ಯದೊಳಗಿನ ಹಮ್ಮಿಂಗ್

ಇಲ್ಲಿ ಎರಡು ಪರೀಕ್ಷೆಗಳು ಬೇರೆಲ್ಲಕ್ಕಿಂತ ಹೆಚ್ಚು ಹೇಳುತ್ತವೆ. ಮೊದಲನೆಯದು, ಬೇಸನ್ನು ಹೆಗಲಿಗೆ ಹಾಕಿಕೊಂಡು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗುವುದು. ಒಂದು ದಿಕ್ಕಿನಲ್ಲಿ ಹಮ್ಮಿಂಗ್ ಜೋರಾಗಿ, ಇನ್ನೊಂದರಲ್ಲಿ ಬಹುತೇಕ ಮಾಯವಾದರೆ ಪಿಕಪ್‌ನ ಸುರುಳಿ ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ. ಕಾಂತಕ್ಷೇತ್ರವನ್ನು ತಾಮ್ರದ ಹಾಳೆ ತಡೆಯುವುದಿಲ್ಲವಾದ್ದರಿಂದ ಇದಕ್ಕೆ ಶೀಲ್ಡಿಂಗ್ ಮದ್ದಲ್ಲ. ಆಂಪ್‌ನಿಂದ ದೂರ ನಿಲ್ಲಬೇಕು, ಇಲ್ಲವೇ ಹಮ್ಮಿಂಗನ್ನು ರದ್ದುಗೊಳಿಸುವ ಬಗೆಯ ಪಿಕಪ್ ಬೇಕು.

1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಎರಡು ತುಂಡಾದ ಪಿಕಪ್ ಕೊಡಲಾಯಿತು, ಅದರ ಎರಡು ಅರ್ಧಗಳು ಪರಸ್ಪರ ವಿರುದ್ಧವಾಗಿ ಸುತ್ತಿರುವುದರಿಂದ ಹಮ್ಮಿಂಗ್ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಇಂಥ ಬೇಸ್ ಗುಂಯ್‌ಗುಡತೊಡಗಿ, ಜೊತೆಗೆ ಇ ಮತ್ತು ಎ ತಂತಿಗಳ ಜೋಡಿಯೋ ಡಿ ಮತ್ತು ಜಿ ತಂತಿಗಳ ಜೋಡಿಯೋ ಸಪ್ಪೆಯಾಗಿದ್ದರೆ ಆ ಜೋಡಿಯ ಕೆಳಗಿನ ಸುರುಳಿ ಶಾರ್ಟ್ ಆಗಿದೆ. 1960ರ ಜಾಜ್ ಬೇಸ್‌ನ ಮಾದರಿಯಲ್ಲಿ ಎರಡು ಪ್ರತ್ಯೇಕ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳಿದ್ದು, ಎರಡರ ವಾಲ್ಯೂಮ್ ಸಮನಾಗಿ ಪೂರ್ತಿ ತೆರೆದಾಗ ಹಮ್ಮಿಂಗ್ ಅಡಗುತ್ತದೆ, ಒಂದನ್ನು ಇಳಿಸಿದಂತೆ ಮತ್ತೆ ಕೇಳಿಸುತ್ತದೆ. ಇದು ಆ ವಿನ್ಯಾಸದ ಗುಣವೇ ಹೊರತು ಕೆಟ್ಟ ವೈರಿಂಗ್ ಅಲ್ಲ. ಬ್ರಿಜ್ ಪಿಕಪ್ ಒಂದನ್ನೇ ಇಷ್ಟಪಡುವವರು ಇದನ್ನು ಸಹಿಸಿಕೊಳ್ಳುತ್ತಾರೆ, ಅಥವಾ ಇನ್ನೊಂದರ ಗುಂಡಿಯನ್ನು ಪೂರ್ತಿ ಮುಚ್ಚದೆ ಸ್ವಲ್ಪ ತೆರೆದಿಡುತ್ತಾರೆ.

ಎರಡನೆಯ ಪರೀಕ್ಷೆ ತಂತಿ ಮುಟ್ಟುವುದು. ಮುಟ್ಟಿದಾಗ ಸದ್ದು ಕಡಿಮೆಯಾದರೆ ತಂತಿಗಳ ಗ್ರೌಂಡ್ ಸರಿಯಾಗಿದೆ, ಒಳಗಿನ ಗುಳಿಗಳಿಗೆ ತಾಮ್ರದ ಹಾಳೆ ಅಥವಾ ವಾಹಕ ಬಣ್ಣದ ಹೊದಿಕೆ ಸಾಲದು. ಮುಟ್ಟಿದರೂ ಬಿಟ್ಟರೂ ಒಂದೇ ಆಗಿದ್ದು ಜ್ಯಾಕ್‌ನ ಲೋಹ ಮುಟ್ಟಿದಾಗ ಮಾತ್ರ ಇಳಿದರೆ ಬ್ರಿಜ್‌ನ ಕೆಳಗಿನ ಗ್ರೌಂಡ್ ತಂತಿ ಕಳಚಿದೆ. ಬ್ರಿಜ್‌ಗೂ ಜ್ಯಾಕ್‌ನ ಹೊರ ಸಂಪರ್ಕಕ್ಕೂ ನಡುವಿನ ರೋಧ ಒಂದೆರಡು ಓಮ್‌ಗಿಂತ ಹೆಚ್ಚಿರಬಾರದು. ಬ್ರಿಜ್‌ನ ಸ್ಕ್ರೂಗಳನ್ನು ಸಡಿಲಿಸಿ ನೋಡಿದರೆ ಬರಿಯ ತಂತಿಯ ತುದಿ ಮರಕ್ಕೂ ಲೋಹಕ್ಕೂ ನಡುವೆ ಹಸಿರುಗಟ್ಟಿ ಕೂತಿರುತ್ತದೆ. ಕರಾವಳಿಯ ಮನೆಗಳಲ್ಲಿ ಒಂದೆರಡು ಮಳೆಗಾಲ ಕಳೆದ ವಾದ್ಯಗಳಲ್ಲಿ ಇದು ಸಾಮಾನ್ಯ. ಆ ತುದಿಯನ್ನು ಕೆರೆದು ಹೊಳಪು ಬರಿಸಿ ಮರಳಿ ಸಿಕ್ಕಿಸಿದರೆ ಸಾಕು. ಇಎಂಜಿ ಕಂಪನಿಯ ಆಕ್ಟಿವ್ ಪಿಕಪ್‌ಗಳಿಗೆ ಈ ತಂತಿಯೇ ಇರುವುದಿಲ್ಲ, ಅವುಗಳಿಗೆ ಅದು ಬೇಕಾಗಿಲ್ಲ. ಇನ್ನು ತಂತಿ ಮುಟ್ಟಿದಾಗ ಸದ್ದು ಹೆಚ್ಚಾದರೆ ಜ್ಯಾಕ್‌ನಲ್ಲಿ ಎರಡು ತಂತಿಗಳು ಅದಲುಬದಲಾಗಿವೆ, ಹವ್ಯಾಸಿ ದುರಸ್ತಿಯ ನಂತರ ಇದು ಕಾಣಿಸಿಕೊಳ್ಳುತ್ತದೆ.

ಬ್ಯಾಟರಿಯಿಲ್ಲದ ಪ್ಯಾಸಿವ್ ಬೇಸ್‌ನ ಪಿಕಪ್ ಜೀವಂತವಾಗಿದೆಯೇ ಎಂಬುದನ್ನು ಒಂದು ಸ್ಕ್ರೂವನ್ನೂ ಬಿಚ್ಚದೆ ತಿಳಿಯಬಹುದು. ಕೇಬಲನ್ನು ಬೇಸ್‌ಗೆ ಚುಚ್ಚಿ, ಗುಂಡಿಗಳನ್ನೆಲ್ಲ ಪೂರ್ತಿ ತೆರೆದು, ಇನ್ನೊಂದು ತುದಿಯ ಪ್ಲಗ್‌ನ ಮೊನೆ ಮತ್ತು ತೋಳಿನ ನಡುವೆ ರೋಧ ಅಳೆಯಿರಿ. ಪ್ರಿಸಿಷನ್ ಮಾದರಿಯಲ್ಲಿ 10ರಿಂದ 11 ಕಿಲೋಓಮ್ ಆಸುಪಾಸು, ಜಾಜ್ ಮಾದರಿಯಲ್ಲಿ ಎರಡು ಪಿಕಪ್‌ಗಳೂ ಸಮಾಂತರವಾಗಿರುವುದರಿಂದ 4 ಕಿಲೋಓಮ್‌ಗಿಂತ ತುಸು ಕಡಿಮೆ ಬರಬೇಕು. ಜಾಜ್‌ನಲ್ಲಿ 7 ಕಿಲೋಓಮ್ ತೋರಿಸಿದರೆ ಒಂದು ಪಿಕಪ್‌ನ ಸಂಪರ್ಕ ತುಂಡಾಗಿದೆ. ಪ್ರಿಸಿಷನ್‌ನಲ್ಲಿ 250 ಕಿಲೋಓಮ್ ಸುತ್ತಮುತ್ತ ಬಂದರೆ ಮೀಟರ್ ಓದುತ್ತಿರುವುದು ವಾಲ್ಯೂಮ್ ಪಾಟ್ (ಗುಂಡಿಯ ಕೆಳಗಿನ ಹೊಂದಿಸಬಲ್ಲ ರೋಧಕ) ಒಂದನ್ನೇ, ಸುರುಳಿ ಎಲ್ಲೋ ಕಡಿದಿದೆ. ರೋಧವೆಲ್ಲ ಸರಿಯಿದ್ದೂ ಎರಡು ಪಿಕಪ್ ಸೇರಿದಾಗ ಸದ್ದು ತೆಳುವಾಗಿ ಮೂಗಿನಿಂದ ಬಂದಂತಿದ್ದರೆ ಒಂದರ ತಂತಿಗಳು ತಿರುವುಮುರುವಾಗಿವೆ.

ಚರಚರ, ಮತ್ತು ಬ್ಯಾಟರಿ

ಚರಚರಕ್ಕೆ ಮೊದಲ ಶಂಕಿತ ಜ್ಯಾಕ್‌ನ ಹೊರ ನಟ್ಟು. ಅದು ಸಡಿಲಾದಾಗ ಪ್ರತಿ ಸಲ ಕೇಬಲ್ ಚುಚ್ಚುವಾಗಲೂ ಇಡೀ ಜ್ಯಾಕ್ ತಿರುಗಿ, ಒಳಗಿನ ಬೆಸುಗೆ ತಿರುಚಿಕೊಂಡು ಕಡೆಗೊಂದು ಕಾರ್ಯಕ್ರಮದ ನಡುವೆ ಕಳಚಿಬೀಳುತ್ತದೆ. ಆದ್ದರಿಂದ ಹೊರಗಿನಿಂದ ನಟ್ಟನ್ನಷ್ಟೇ ಬಿಗಿ ಮಾಡದೆ, ಫಲಕ ತೆಗೆದು ಒಳಗೆ ಜ್ಯಾಕನ್ನು ಕೈಯಲ್ಲಿ ಹಿಡಿದುಕೊಂಡು ಬಿಗಿ ಮಾಡಬೇಕು. ಗುಂಡಿ ತಿರುಗಿಸಿದಾಗ ಮಾತ್ರ ಬರುವ ಚರಚರ ಪಾಟ್‌ನೊಳಗಿನ ಧೂಳಿನದಾಗಿದ್ದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಹಾಕಿ ಹಲವು ಬಾರಿ ತಿರುಗಿಸಿದರೆ ಹೋಗುತ್ತದೆ. ತುಕ್ಕು ಬಿಡಿಸುವ ಮಾಮೂಲಿ ಸ್ಪ್ರೇ ಹಾಕಿದರೆ ಅದರ ಎಣ್ಣೆ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ.

1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಿಂದ ಹಿಡಿದು ಇಂದಿನ ಅಗ್ಗದ ಐದು ತಂತಿಯ ಬೇಸ್‌ಗಳವರೆಗೆ ಆಕ್ಟಿವ್ ವಾದ್ಯಗಳಲ್ಲಿ ಗೊರಗೊರ ಸದ್ದು ಬಂದರೆ ಬೇರೆ ಏನನ್ನೂ ನೋಡುವ ಮುನ್ನ ಬ್ಯಾಟರಿ ನೋಡಬೇಕು. ಲಕ್ಷಣ ಸ್ಪಷ್ಟ: ಮೆಲ್ಲಗೆ ನುಡಿಸಿದಾಗ ಸರಿಯಿರುತ್ತದೆ, ಜೋರಾಗಿ ಮೀಟಿದಾಗ ಮಂದ್ರ ಸ್ವರಗಳು ಒಡೆಯುತ್ತವೆ, ಒಟ್ಟು ಮಟ್ಟ ಕುಸಿಯುತ್ತದೆ. ಕೇಬಲ್ ಚುಚ್ಚಿದ ಸ್ಥಿತಿಯಲ್ಲಿ ಅಳೆದಾಗ ಹೊಸ ಆಲ್ಕಲೈನ್ ಬ್ಯಾಟರಿ 9 ವೋಲ್ಟ್‌ಗಿಂತ ಮೇಲಿರುತ್ತದೆ. 8ಕ್ಕಿಂತ ಕೆಳಗಿಳಿದಿದ್ದರೆ ಕಾರ್ಯಕ್ರಮಕ್ಕೆ ಅದನ್ನು ನಂಬಬಾರದು. ಕೇಬಲ್ ಚುಚ್ಚಿರುವವರೆಗೂ ಪ್ರಿಆಂಪ್ ಉರಿಯುತ್ತಲೇ ಇರುತ್ತದೆ, ಏಕೆಂದರೆ ಈ ವಾದ್ಯಗಳಲ್ಲಿ ಸ್ಟೀರಿಯೋ ಜ್ಯಾಕ್‌ನ ನಡುವಿನ ಸಂಪರ್ಕವೇ ಸ್ವಿಚ್ಚು. ಕಿತ್ತಿಟ್ಟರೂ ಬ್ಯಾಟರಿ ವಾರದೊಳಗೆ ಖಾಲಿಯಾಗುತ್ತಿದ್ದರೆ ಆ ಸಂಪರ್ಕ ಬಾಗಿ ಗ್ರೌಂಡ್‌ಗೆ ಅಂಟಿಕೊಂಡಿದೆ. ಪ್ಯಾಸಿವ್‌ಗೆ ಬದಲಿಸುವ ಸ್ವಿಚ್ ಇರುವ ಬೇಸ್‌ಗಳಲ್ಲಿ ಅದನ್ನು ಒತ್ತಿ, ಸದ್ದು ಹೋಯಿತೇ ನೋಡುವುದು ಎಲ್ಲಕ್ಕಿಂತ ಬೇಗ ಮುಗಿಯುವ ಪರೀಕ್ಷೆ.

ವೇದಿಕೆಯ ಕಡೆಯ ದೋಷಗಳು

ಮನೆಯಲ್ಲಿ ಮೌನವಾಗಿದ್ದ ವಾದ್ಯ ವೇದಿಕೆಯಲ್ಲಿ ಗುಂಯ್‌ಗುಟ್ಟಿದರೆ, ಅದೂ ಮಿಕ್ಸರ್‌ಗೆ ಲೈನ್ ಕೊಟ್ಟ ಕ್ಷಣದಿಂದ, ಅದು ಗ್ರೌಂಡ್ ಲೂಪ್. ಆಂಪ್ ವೇದಿಕೆಯ ಬೋರ್ಡ್‌ನಿಂದ, ಮಿಕ್ಸರ್ ಸಭಾಂಗಣದ ಇನ್ನೊಂದು ತುದಿಯ ಬೋರ್ಡ್‌ನಿಂದ ಕರೆಂಟು ಪಡೆಯುತ್ತಿದ್ದು, ಎರಡು ಅರ್ಥ್‌ಗಳ ನಡುವಿನ ಸಣ್ಣ ವ್ಯತ್ಯಾಸ ಸಿಗ್ನಲ್ ಕೇಬಲ್‌ನ ಶೀಲ್ಡ್ ಮೂಲಕ ಹರಿಯುತ್ತದೆ. ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದು ಇದಕ್ಕಾಗಿಯೇ. ಅದು ಮಿಕ್ಸರ್‌ಗೆ ಹೋಗುವ ಕೇಬಲ್‌ನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಆಂಪ್‌ನ ರಕ್ಷಣಾ ಅರ್ಥ್ ಅಲುಗದೆ ಉಳಿಯುತ್ತದೆ; ಪ್ಲಗ್‌ನ ಪಿನ್ ಕೀಳುವುದಕ್ಕೂ ಇದಕ್ಕೂ ಅಜಗಜಾಂತರ. ಸಾಧ್ಯವಾದರೆ ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡ್‌ನಿಂದ ಕರೆಂಟು ಎಳೆಸುವುದು ಇನ್ನೂ ಉತ್ತಮ. ಲ್ಯಾಪ್‌ಟಾಪ್‌ನಿಂದ ಟ್ರ್ಯಾಕ್ ಹಾಕುವ ತಂಡಗಳು ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ ನೋಡಬೇಕು.

ದೀಪಗಳ ಅನುಮಾನವಿದ್ದರೆ ಲೈಟ್ಸ್ ಆಪರೇಟರ್‌ಗೆ ಬೆಳಕನ್ನು ಸೊನ್ನೆಯಿಂದ ಪೂರ್ತಿಯವರೆಗೆ ನಿಧಾನವಾಗಿ ಏರಿಸಲು ಹೇಳಿ. ವಿದ್ಯುತ್ ಅಲೆಯನ್ನು ನಡುವೆ ಕತ್ತರಿಸಿ ಬೆಳಕು ತಗ್ಗಿಸುವ ಹಳೆಯ ಡಿಮ್ಮರ್‌ಗಳು ಅರ್ಧ ಬೆಳಕಿನ ಆಸುಪಾಸು ಅತಿ ಹೆಚ್ಚು ಗಲಾಟೆ ಮಾಡುತ್ತವೆ. ಅವುಗಳ ಲೈನಿನಿಂದ ಬೇರೆಯಾದ ಫೇಸನ್ನು ಸೌಂಡ್‌ಗೆ ಕೇಳುವುದು ನ್ಯಾಯವಾದ ಬೇಡಿಕೆ.

ತಂತಿಯ ಗಿಲಗಿಲ

ಆಂಪ್ ಇಲ್ಲದೆ ಕೇಳಿಸಿ, ಆಂಪ್‌ನಲ್ಲಿ ಕೇಳಿಸದ ಫ್ರೆಟ್ ಸದ್ದನ್ನು ದೋಷವೆಂದು ನಾನು ಲೆಕ್ಕಿಸುವುದಿಲ್ಲ. ತಂತಿ ತಗ್ಗಾಗಿಟ್ಟ ಬೇಸ್‌ನಲ್ಲಿ ಅದು ಇದ್ದೇ ಇರುತ್ತದೆ. ಆಂಪ್‌ನಲ್ಲೂ ಕೇಳಿಸಿದರೆ ಎಲ್ಲಿ ಎಂಬುದನ್ನು ಗುರುತು ಹಾಕಿಕೊಳ್ಳಿ. ಮೊದಲ ಐದು ಫ್ರೆಟ್‌ಗಳಲ್ಲಿ ಮಾತ್ರ ಬಂದರೆ ನೆಕ್‌ನ ಬಾಗು ಕಡಿಮೆಯಾಗಿದೆ, ಹನ್ನೆರಡರ ಮೇಲೆ ಬಂದರೆ ಬ್ರಿಜ್ ತಗ್ಗಾಗಿದೆ, ಒಂದೇ ಸ್ವರದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ, ಒತ್ತದ ತಂತಿಯಲ್ಲಿ ಮಾತ್ರ ಬಂದರೆ ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್‌ನ ಗೀರು ಸವೆದಿದೆ. ಬಾಗು ಅಳೆಯಲು ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿಡುವ ಕ್ಲಿಪ್) ಹಾಕಿ, ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, ಎಂಟನೆಯ ಫ್ರೆಟ್ ಮತ್ತು ತಂತಿಯ ನಡುವಿನ ಸಂದಿ ನೋಡಬೇಕು. ಅದು 0.3 ಮಿ.ಮೀ. ಆಸುಪಾಸು ಇರಬೇಕು. ಕಡಿಮೆಯಿದ್ದರೆ ಟ್ರಸ್ ರಾಡನ್ನು (ನೆಕ್‌ನ ಬಾಗು ಹೊಂದಿಸುವ ಒಳಗಿನ ಸರಳು) ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಮರ ಹೊಂದಿಕೊಳ್ಳಲು ಒಂದು ರಾತ್ರಿ ಬಿಡಬೇಕು. ಕಾರ್ಯಕ್ರಮದ ದಿನ ಈ ಕೆಲಸಕ್ಕೆ ಕೈ ಹಾಕಬಾರದು.

ಮೇಲಿನ ಫ್ರೆಟ್‌ಗಳಲ್ಲಿ ಇ ತಂತಿಯ ಶ್ರುತಿ ನಿಲ್ಲದೆ ಎರಡು ಸ್ವರ ಕಿತ್ತಾಡಿದಂತೆ ಕೇಳಿಸಿದರೆ ಪಿಕಪ್‌ನ ಆಯಸ್ಕಾಂತ ತಂತಿಯನ್ನು ಎಳೆಯುತ್ತಿದೆ, ಪಿಕಪನ್ನು ತಗ್ಗಿಸಬೇಕು. ಜಿ ತಂತಿಯ ಐದರಿಂದ ಏಳನೆಯ ಫ್ರೆಟ್‌ನೊಳಗೆ ಯಾವುದೋ ಒಂದು ಸ್ವರ ಬೇಗ ಸಾಯುವುದಕ್ಕೆ ಮಾತ್ರ ಯಾವ ಸ್ಕ್ರೂವಿನಲ್ಲೂ ಉತ್ತರವಿಲ್ಲ. ಬೋಲ್ಟ್ ಹಾಕಿದ ಮರದ ನೆಕ್‌ಗಳಲ್ಲಿ ನೆಕ್‌ನ ಸ್ವಂತ ಕಂಪನ ಆ ಸ್ವರದ ಶಕ್ತಿಯನ್ನು ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಹೆಡ್‌ಸ್ಟಾಕ್‌ಗೆ ಸಣ್ಣ ಕ್ಲಾಂಪ್ ಸಿಕ್ಕಿಸಿ ತೂಕ ಹೆಚ್ಚಿಸಿದರೆ ಸತ್ತ ಜಾಗ ಆಚೀಚೆ ಸರಿಯುತ್ತದೆ. ಅದೇ ಸ್ವರವನ್ನು ಡಿ ತಂತಿಯಲ್ಲಿ ಹನ್ನೊಂದನೆಯ ಫ್ರೆಟ್ ಸುತ್ತಮುತ್ತ ನುಡಿಸುವುದು ಇನ್ನೂ ಸುಲಭ.

ಕೆಲವು ಸದ್ದುಗಳು ಕೈಯಿಂದ ಹುಟ್ಟುತ್ತವೆ. ಸ್ವರ ನಿಲ್ಲಿಸಿದ ಮೇಲೂ ಒಂದು ಮಂದ್ರ ಗುಂಗು ಉಳಿದು, ಅಂಗೈಯಿಂದ ದಪ್ಪ ತಂತಿ ಮುಟ್ಟಿದೊಡನೆ ನಿಂತರೆ ಅದು ಅನುರಣನ: ಡಿ ತಂತಿಯ ಏಳನೆಯ ಫ್ರೆಟ್‌ನ ಎ ಸ್ವರ, ಮುಟ್ಟದೆ ಬಿಟ್ಟ ಎ ತಂತಿಯನ್ನು ತಾನಾಗಿ ಎಬ್ಬಿಸುತ್ತದೆ. ಬಲಗೈ ಹೆಬ್ಬೆರಳನ್ನು ಪಿಕಪ್ ಮೇಲೆಯೇ ಊರದೆ, ನುಡಿಸುವ ತಂತಿಗಿಂತ ದಪ್ಪನೆಯ ತಂತಿಯ ಮೇಲೆ ತಂತಿಯಿಂದ ತಂತಿಗೆ ಸರಿಸುತ್ತ ಹೋಗುವುದು ಇದಕ್ಕೆ ರೂಢಿಯ ಪರಿಹಾರ.

ಕೊನೆಗೆ ಉಳಿಯುವುದು ಎ ಅಥವಾ ಬಿ ಫ್ಲಾಟ್‌ನಂಥ ಒಂದೇ ಸ್ವರಕ್ಕೆ ಎದ್ದು ಬರುವ ಗಡಗಡ. ಹೆಡ್‌ಫೋನ್‌ನಲ್ಲಿ ಕೇಳಿದಾಗ ಅದು ಇಲ್ಲದಿದ್ದರೆ ವಾದ್ಯ ನಿರ್ದೋಷಿ. ಕ್ಯಾಬಿನೆಟ್‌ನ ಜಾಲರಿ, ಹಿಡಿಕೆ, ಸ್ಪೀಕರ್‌ನ ಸ್ಕ್ರೂಗಳನ್ನು ಒಂದೊಂದಾಗಿ ಒತ್ತಿ ಹಿಡಿಯುತ್ತ ಇನ್ನೊಬ್ಬರಿಂದ ಆ ಸ್ವರ ನುಡಿಸಿದರೆ ಜಾಗ ಸಿಗುತ್ತದೆ. ಡ್ರಮ್ಸ್‌ನ ಸ್ನೇರ್ ಸುರುಳಿ ತಂತಿಗಳೂ ಹೀಗೆ ನಡುಗುತ್ತವೆ. ಹಲಗೆ ಹಾಸಿದ ಟೊಳ್ಳು ವೇದಿಕೆಯೇ ಮೊಳಗುತ್ತಿದ್ದರೆ ಕ್ಯಾಬಿನೆಟ್‌ನ ಕೆಳಗೆ ದಪ್ಪ ಫೋಮ್ ಇಟ್ಟು ನೆಲದಿಂದ ಬೇರ್ಪಡಿಸಿ, ಮಿಕ್ಸರ್‌ನಲ್ಲಿ 35 ಹರ್ಟ್ಸ್ ಸುಮಾರಿಗೆ ಹೈಪಾಸ್ ಫಿಲ್ಟರ್ ಹಾಕಿಸಿ. ನಾಲ್ಕು ತಂತಿಯ ಬೇಸ್‌ನ ಅತಿ ಮಂದ್ರ ಇ 41 ಹರ್ಟ್ಸ್ ಆದ್ದರಿಂದ ಅದಕ್ಕಿಂತ ಕೆಳಗೆ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ಐದು ತಂತಿಯವರಿಗೆ ಬಿ 31 ಹರ್ಟ್ಸ್‌ನದು, ಅವರು ಫಿಲ್ಟರನ್ನು 25ಕ್ಕೆ ಇಳಿಸಬೇಕು.